ಅಂಗೈಯಲ್ಲಿದ್ದದ್ದು

ಸಿದ್ದಯ್ಯನವರ ಮನೆಯಲ್ಲಿ ಬೆಳಗಿನ ಕಾಫಿಗೆ ಎಲ್ಲರೂ ಕಾಯಲೇಬೇಕಿತ್ತು. ಡೈರಿಗೆ ಹಾಲು ಹಾಕುವ ಹೊತ್ತು ಮೀರಿದರೂ, ಕಾಫಿ ಹಣ್ಣು ಕೊಯ್ಯುವ ಆಳುಗಳು ಬಂದು ಅಂಗಳದಲ್ಲಿ ಕೆಮ್ಮುತ್ತ ನಿಂತರೂ, ಸೊಸೆ ಪುಷ್ಪಾ ಲಿಂಗಪೂಜೆ ಮುಗಿಸಿ ಏಳುವ ತನಕ ಒಲೆಯ ಮೇಲೆ ಪಾತ್ರೆ ಏರುತ್ತಿರಲಿಲ್ಲ. ಸಿದ್ದಯ್ಯನವರಿಗೆ ಮೂಗಿನ ತುದಿಯಲ್ಲೇ ಕೋಪ. ಬೀಗರಿರಲಿ, ಬಸ್ ಕಂಡಕ್ಟರಿರಲಿ, ಪಂಚಾಯ್ತಿ ಮೆಂಬರಿರಲಿ, ಎಲ್ಲರ ಮುಂದೆಯೂ ಒಂದೇ ಸಮನೆ ಗುಡುಗುವ ಮನುಷ್ಯ. ಅಂಥವರೂ ಆ ಹೊತ್ತಿನಲ್ಲಿ ಜಗಲಿಯ ಮೇಲೆ ಕಂಬಳಿ ಹೊದ್ದು ಬಾಯಿ ಮುಚ್ಚಿಕೊಂಡು ಕೂತಿರುತ್ತಿದ್ದರು.

ಪುಷ್ಪಾ ಅಡುಗೆಮನೆಯ ಮೂಡಣ ಕಿಟಕಿಯ ಕೆಳಗೆ ಮಣೆ ಹಾಕಿಕೊಂಡು, ಹಣೆಗೆ ವಿಭೂತಿ ಧರಿಸಿ, ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆ ಬಿಚ್ಚಿ, ಇಷ್ಟಲಿಂಗವನ್ನು ಎಡಗೈಯ ಅಂಗೈಯಲ್ಲಿ ಇಟ್ಟುಕೊಂಡು ಕೂರುತ್ತಿದ್ದಳು. ಒಂದು ಬಿಲ್ವದ ಎಲೆ, ಒಂದು ಹೂವು. ಆಮೇಲೆ ಬರೀ ನೋಟ. ಮದುವೆಯಾಗಿ ಈ ಮನೆಗೆ ಬಂದ ಲಾಗಾಯ್ತೂ ಅವಳದು ಅಂತ ಇದ್ದದ್ದು ಅದೊಂದೇ ಹೊತ್ತು. ಮಣೆಯಿಂದ ಎದ್ದ ಗಳಿಗೆಯಿಂದ ಮಲಗುವ ತನಕ, "ಪುಷ್ಪಾ, ಬಿಸಿನೀರು," "ಪುಷ್ಪಾ, ಹಸುವಿಗೆ ಬೂಸ ಕಲಸಿದ್ಯಾ," "ಅಮ್ಮಾ, ನನ್ನ ಚೂಡಿದಾರ್ ಎಲ್ಲಿ," ಎಂದು ಅವಳ ಹೆಸರು ಮನೆಯಲ್ಲಿ ನೆಲಕ್ಕೆ ಬೀಳುತ್ತಲೇ ಇರಲಿಲ್ಲ. ಮಣೆಯ ಮೇಲೆ ಕೂತಾಗ ಮಾತ್ರ ಯಾರೂ ಕರೆಯುತ್ತಿರಲಿಲ್ಲ. ಲಿಂಗ ಪರರ ಕಣ್ಣಿಗೆ ಬೀಳಬಾರದೆಂಬುದು ಆ ಮನೆಯ ಕಟ್ಟುನಿಟ್ಟು. ಮನೆಯವರು ನೋಡಬಹುದಿತ್ತು; ಆದರೆ ದಿನಾ ಇದ್ದದ್ದನ್ನು ಯಾರು ನೋಡುತ್ತಾರೆ?

ಕೃತಿಕಾ ನೋಡಿದಳು. ಹಾಸನದಲ್ಲಿ ಹಾಸ್ಟೆಲ್ಲಿನಲ್ಲಿದ್ದುಕೊಂಡು ಬಿ.ಕಾಂ. ಓದುತ್ತಿದ್ದ ಮಗಳು. ಆ ಸುಗ್ಗಿಯಲ್ಲಿ ಊರಿಗೆ ಬರುವಾಗ, ಆಲೂರಿನಲ್ಲಿ ಸ್ಟುಡಿಯೊ ಇಟ್ಟುಕೊಂಡಿದ್ದ ಸಂಜಯನ ಡಿಜಿಟಲ್ ಕ್ಯಾಮೆರಾವನ್ನು ಎರಡು ದಿನಕ್ಕೆಂದು ಇಸಿದುಕೊಂಡು ಬಂದಿದ್ದಳು. ಸಂಜಯ್ ಸಿದ್ದಯ್ಯನವರ ಹಿರೀ ಮಗಳ ಮಗ. ಕೃತಿಕಾ ಕರುವಿನ ಫೋಟೊ ತೆಗೆದಳು, ಬಣವೆಯ ಫೋಟೊ ತೆಗೆದಳು, ಹಲ್ಲಿಲ್ಲದ ಅಜ್ಜಿ ಸುಲೋಚನಮ್ಮನವರನ್ನು ನಗಿಸಿ ಫೋಟೊ ತೆಗೆದಳು. ಬೆಳಗ್ಗೆ ಎದ್ದು ಅಡುಗೆಮನೆಗೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಕಿಟಕಿಯ ಬೆಳಕು ಅಮ್ಮನ ಕೆನ್ನೆಗೂ ಅಂಗೈಗೂ ಬಿದ್ದಿತ್ತು. ಕ್ಯಾಮೆರಾ ಕ್ಲಿಕ್ಕೆಂದದ್ದು ಪುಷ್ಪಾಳಿಗೆ ಕೇಳಿಸಿತು. ಪೂಜೆಯಲ್ಲಿದ್ದವಳು ತಲೆ ಎತ್ತಲಿಲ್ಲ.

"ಅಮ್ಮಾ, ಇಲ್ನೋಡು."

ಪೂಜೆ ಮುಗಿಸಿ ಕಾಫಿಗಿಟ್ಟಿದ್ದ ಪುಷ್ಪಾ ಸೆರಗಿಗೆ ಕೈ ಒರೆಸಿಕೊಂಡು ಬಗ್ಗಿ ನೋಡಿದಳು. ಬೆಂಕಿಪೊಟ್ಟಣದಷ್ಟು ಚಿಕ್ಕ ಪರದೆಯಲ್ಲಿ ಯಾವಳೋ ಕೂತಿದ್ದಳು. ಸುಸ್ತಿಲ್ಲದವಳು, ಅವಸರವಿಲ್ಲದವಳು.

"ನಾನೇನೇ ಇದು?"

"ಮತ್ತಿನ್ಯಾರು, ತಾತನಾ?"

ಪುಷ್ಪಾಳಿಗೆ ನಾಚಿಕೆಯಾಯಿತು, ಖುಷಿಯೂ ಆಯಿತು. "ಚೆನ್ನಾಗೈತೆ. ನಿನ್ನತ್ರನೇ ಇಟ್ಕೋ," ಎಂದಳು.

"ಇಟ್ಕೋತೀನಿ ಬಿಡಮ್ಮ."

ಆ ಒಂದು ಮಾತಿನಲ್ಲೇ ಇಬ್ಬರೂ ಎಡವಿದ್ದು. ಇಟ್ಟುಕೊಳ್ಳುವುದೆಂದರೆ ಪುಷ್ಪಾಳ ಲೆಕ್ಕದಲ್ಲಿ ಸೀರೆಯ ಮಡಿಕೆಯೊಳಗೆ ಇಟ್ಟು ಪೆಟ್ಟಿಗೆ ಮುಚ್ಚುವುದು. ಮಗಳ ಲೆಕ್ಕದಲ್ಲಿ, ಹಾಸನದ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಆರ್ಕುಟ್ಟಿನ ತನ್ನ ಪುಟದಲ್ಲಿ ಹಾಕುವುದು. ಅದೂ ಅವಳಿಗೆ ತನ್ನ ಪೆಟ್ಟಿಗೆಯೇ. ಆ ಪೆಟ್ಟಿಗೆಗೆ ಮುಚ್ಚಳವಿಲ್ಲ ಎನ್ನುವುದು ಮಾತ್ರ ಹುಡುಗಿಗೆ ಹೊಳೆದಿರಲಿಲ್ಲ.

ಕೆಲವು ವಾರ ಕಳೆದಿರಬೇಕು. ಒಂದು ಮಧ್ಯಾಹ್ನ ಪುಷ್ಪಾ ಅಂಗಳದಲ್ಲಿ ಕಾಫಿ ಹಣ್ಣು ಹರವುತ್ತಿದ್ದಾಗ ಬಾಗಿಲಿಗೆ ಆಟೊ ಬಂದು ನಿಂತಿತು. ಇಳಿದವಳು ಬೆಳಗೋಡಿನ ಕಲ್ಯಾಣಮ್ಮ, ಪುಷ್ಪಾಳ ಅಣ್ಣನ ಹೆಂಡತಿ. ಹಿಂದೆಯೇ ಒಂದು ಮೂಟೆ ಅಕ್ಕಿ, ಬೆಲ್ಲದ ಅಚ್ಚು, ಕಾಗದದಲ್ಲಿ ಸುತ್ತಿದ ಒಂದು ನೂಲಿನ ಸೀರೆ ಇಳಿದವು. ಕಲ್ಯಾಣಮ್ಮ ಪುಷ್ಪಾಳನ್ನು ತಬ್ಬಿಕೊಂಡು ಅಳುವುದಕ್ಕೇ ಶುರು ಮಾಡಿದಳು.

"ಯಾಕತ್ತಿಗೆ, ಏನಾಯ್ತು? ಅಣ್ಣ ಚೆನ್ನಾಗವ್ನಾ?" ಎಂದು ಪುಷ್ಪಾ ಗಾಬರಿಯಾದಳು.

"ನಿಮ್ಮಣ್ಣ ಗುಂಡುಕಲ್ಲಿನಂಗವ್ನೆ. ನಿನ್ನ ಗತಿ ಹಿಂಗಾಗೋಯ್ತಲ್ಲೇ ತಾಯಿ!"

ಸುಲೋಚನಮ್ಮ ಮಂಡಿ ಹಿಡಿದುಕೊಂಡು ಜಗಲಿಗೆ ಬಂದರು. "ಏನಮ್ಮ ಕಲ್ಯಾಣಮ್ಮ, ಹೇಳ್ದೆ ಕೇಳ್ದೆ ಬಂದೆ? ಈ ಮೂಟೆ ಏನಕ್ಕೆ?"

"ಹೇಳೋಕೆ ನೀವೇನಾದ್ರೂ ನಮಗೆ ಹೇಳಿದ್ರಾ ಅಮ್ಮ? ನಾವಿನ್ನೂ ಬದುಕಿದೀವಿ ಕಣ್ರೀ. ನಮ್ಮನೆ ಹೆಣ್ಮಗಳು ಊರ್ ಮುಂದೆ ಕೈ ಚಾಚೋ ಹಂಗಾಗೈತೆ ಅಂದ್ರೆ ಒಂದು ಮಾತು ತಿಳಿಸ್ಬಾರ್ದಾ?"

ಸುಲೋಚನಮ್ಮನವರಿಗೆ ಇವಳಿಗೆ ತಲೆ ಕೆಟ್ಟಿದೆ ಅನ್ನಿಸಿತು. ಕಲ್ಯಾಣಮ್ಮ ಕೈಚೀಲದಿಂದ ಮಡಿಸಿದ ಕರಪತ್ರವೊಂದನ್ನು ತೆಗೆದು ಮುಂದೆ ಹಿಡಿದಳು. ದಿಕ್ಕಿಲ್ಲದ ಹೆಂಗಸರಿಗೆ ಆಶ್ರಮ ಕಟ್ಟಿಸುತ್ತೇವೆಂದು ಆಲೂರಿನ ಯಾವುದೋ ಸಮಿತಿಯವರು ಅಚ್ಚು ಹಾಕಿಸಿದ್ದು. ಮೇಲೆ ದಪ್ಪ ಅಕ್ಷರದಲ್ಲಿ, "ಈ ಅಂಗೈಗೆ ನಿಮ್ಮ ಆಸರೆ ಬೇಕು." ಕೆಳಗೆ ಪುಷ್ಪಾ ಕೂತಿದ್ದಳು, ಎಡಗೈ ಚಾಚಿಕೊಂಡು, ಬರಿದಾದ ಅಂಗೈಯನ್ನೇ ನೋಡುತ್ತ.

ಪುಷ್ಪಾ ಕರಪತ್ರವನ್ನು ಕೈಗೆ ತೆಗೆದುಕೊಂಡಳು. ಮುಖ ಅವಳದೇ. ಸೆರಗು ಅವಳದೇ, ಕಿಟಕಿಯ ಸರಳೂ ಅವರ ಮನೆಯದೇ. ಲಿಂಗವಿದ್ದ ಜಾಗದಲ್ಲಿ ಮಾತ್ರ ಬರೀ ಚರ್ಮ. ಕೈಯ ಗೆರೆಗಳೂ ಇಲ್ಲದೆ, ಗಾರೆ ಮಾಡಿದ ನೆಲದ ಹಾಗೆ ನುಣ್ಣಗಿತ್ತು.

"ಲಿಂಗ ಎಲ್ಲಿ?" ಎಂದಳು.

ಯಾರೂ ಕೇಳಿಸಿಕೊಳ್ಳಲಿಲ್ಲ. ಸುಲೋಚನಮ್ಮ ಆಗಲೇ ಕಲ್ಯಾಣಮ್ಮನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋಗುತ್ತಿದ್ದರು. "ಬಾ ಇಲ್ಲಿ, ಕಣಜ ನೋಡು ಬಾ! ಬತ್ತ ಹೆಂಗೆ ತುಳುಕ್ತಾ ಐತೆ ನೋಡು! ರಾಗಿ ನೋಡು! ನಾವಾ ಕೈ ಚಾಚೋರು? ಈ ಮನೇಲಿ ಉಂಡು ಹೋಗದೋರು ಯಾರವ್ರೆ ಈ ಹೋಬಳೀಲಿ?" ಉರಿ ಅಲ್ಲಿಗೂ ಆರಲಿಲ್ಲ. ಅತ್ತಿಗೆಗೆ ಹೋಳಿಗೆ ಮಾಡು ಎಂದು ಸೊಸೆಗೆ ಹೇಳಿದರು. ಪುಷ್ಪಾ ಹಣ್ಣು ಹರವುವುದನ್ನು ಅಷ್ಟಕ್ಕೇ ಬಿಟ್ಟು ಬೇಳೆ ಬೇಯಿಸಿ ಹೂರಣ ರುಬ್ಬಿದಳು. ಕಲ್ಯಾಣಮ್ಮ ಸಾಕು ಸಾಕು ಎನ್ನುತ್ತಿದ್ದರೂ ಸುಲೋಚನಮ್ಮ ತುಪ್ಪವನ್ನು ಸೌಟಿನಲ್ಲೇ ಸುರಿದರು. ಅಷ್ಟು ಸಿಟ್ಟಿನ ಔತಣವನ್ನು ಕಲ್ಯಾಣಮ್ಮ ಜನ್ಮದಲ್ಲಿ ಉಂಡಿರಲಿಲ್ಲ. ಸಂಜೆ ಮೂಟೆಯ ಸಮೇತ ಅದೇ ದಾರಿಯಲ್ಲಿ ವಾಪಸು ಹೋದಳು.

ಸಿದ್ದಯ್ಯನವರು ಗದ್ದೆಯಿಂದ ಬಂದು ಕರಪತ್ರವನ್ನು ದೂರ ಹಿಡಿದು ಓದಿದರು. ಓದಿ ಮುಗಿಸುವ ಮೊದಲೇ ಗುಡುಗಿದರು.

"ಮಹೇಶಾ! ಎಲ್ಲಿ ಸತ್ತ ಅವನು? ಆ ಹುಡುಗೀನ ಕರ್ಸು. ಸಂಜಯನ್ನೂ ಕರ್ಸು. ನಮ್ಮ ಮನೆ ಸೊಸೇನ ಭಿಕ್ಷೆಗೆ ಕೂರಿಸ್ಬುಟ್ರಲ್ಲೋ!"

ಪುಷ್ಪಾಳ ಗಂಡ ಮಹೇಶ್ ಡೈರಿಯಿಂದ ಬರುವಾಗಲೇ ಸುದ್ದಿ ಹೊತ್ತು ತಂದಿದ್ದ. "ಆಲೂರ್ ಬಸ್ ಸ್ಟ್ಯಾಂಡಲ್ಲಿ ಹಂಚ್ತಾವ್ರಂತೆ ಅಪ್ಪ. ಡೈರಿ ಸೆಕ್ರೆಟರಿ ಕೇಳ್ದ, ಏನ್ ಮಹೇಶಣ್ಣ, ಮನೇಲಿ ಏನಾದ್ರೂ ತೊಂದ್ರೇನಾ ಅಂತ. ನನ್ಗೆ ಮುಖ ಎತ್ತಕಾಗ್ಲಿಲ್ಲ."

ಭಾನುವಾರ ಇಬ್ಬರೂ ಬಂದರು. ಪುಷ್ಪಾ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಗಂಡಸರಿಗೂ ಕೃತಿಕಾಳಿಗೂ ಅಡುಗೆಮನೆಯ ಹೊರಗಿನ ಪಡಸಾಲೆಯಲ್ಲಿ ತಟ್ಟೆ ಹಾಕಿತ್ತು. ತಟ್ಟೆ ಮುಂದಿದ್ದರೂ ಯಾರೂ ರೊಟ್ಟಿ ಮುರಿಯಲಿಲ್ಲ.

"ನಾನೇನೂ ಕೆಟ್ಟದ್ದು ಮಾಡಬೇಕು ಅಂತ ಮಾಡ್ಲಿಲ್ಲ ತಾತ," ಎಂದ ಸಂಜಯ್. "ಕೃತಿಕಾ ಫೋಟೊ ಹಾಕಿದ್ಲು, ನೋಡ್ದೆ. ಪುಷ್ಪತ್ತೆ ಕೈಯಲ್ಲಿ ಲಿಂಗ ಹಂಗೇ ಕಾಣ್ತಾ ಐತೆ! ಕಂಡೋರೆಲ್ಲ ನೋಡೋ ಜಾಗ ಅದು. ಎದೆ ಧಸಕ್ಕಂತು ನನ್ಗೆ. ಅದಕ್ಕೇ ಕಂಪ್ಯೂಟರಲ್ಲಿ ಲಿಂಗ ಅಳಿಸ್ದೆ. ಅಳಿಸಿರೋದನ್ನ ಹಾಕ್ಕೋ, ಅದನ್ನ ತೆಗಿ ಅಂತ ಇವಳಿಗೆ ಹೇಳ್ದೆ."

ಸಿದ್ದಯ್ಯನವರು ಸ್ವಲ್ಪ ತಣ್ಣಗಾದರು. "ಅಷ್ಟರ ಮಟ್ಟಿಗೆ ಬುದ್ಧಿ ಓಡಿಸಿದ್ದೀಯ. ಆಮೇಲೆ?"

"ಕೆಲಸ ಚೆನ್ನಾಗಿ ಬಂದಿತ್ತು. ಅಳಿಸಿದ್ದು ಗೊತ್ತೇ ಆಗ್ತಿರ್ಲಿಲ್ಲ. ನನ್ನ ಕೆಲಸ ಜನ ನೋಡ್ಲಿ ಅಂತ ನನ್ನ ಪುಟದಲ್ಲೂ ಹಾಕ್ಕೊಂಡೆ. ಆ ಸಮಿತಿಯೋರು ಅಲ್ಲಿಂದ ಎತ್ಕೊಂಡು ಹಾಸನದಲ್ಲಿ ಅಚ್ಚು ಹಾಕ್ಸವ್ರೆ. ನನ್ನ ಕೇಳ್ಲೇ ಇಲ್ಲ ತಾತ. ನನ್ನ ಕೆಲಸ ಅದು!"

"ನಿನ್ನ ಕೆಲಸಾನಾ?" ಎಂದು ಕೃತಿಕಾ ಎದ್ದು ನಿಂತಳು. "ತೆಗೆದಿದ್ದು ನಾನು. ನನ್ನ ಫೋಟೊ ಅದು. ನನ್ನ ಕೇಳ್ದೆ ನಿನ್ನ ಪುಟದಲ್ಲಿ ಯಾಕೆ ಹಾಕ್ಕೊಂಡೆ?"

"ಕ್ಯಾಮೆರಾ ಯಾರ್ದು?"

"ಕ್ಯಾಮೆರಾ ನಿಂದಾದ್ರೆ ಕಣ್ಣೂ ನಿಂದಾ?"

"ಸಾಕು ನಿಲ್ಸಿ!" ಎಂದ ಮಹೇಶ್. "ನನ್ನ ಹೆಂಡ್ತಿ ಫೋಟೊ ಕಣ್ರೋ. ಹಾಕೋದಾದ್ರೂ ಅಳಿಸೋದಾದ್ರೂ ನನ್ನೊಂದು ಮಾತು ಕೇಳ್ಬೇಕಿತ್ತು."

"ನಿನ್ನ ಯಾಕ್ ಕೇಳ್ಬೇಕು? ನಾನಿನ್ನೂ ಬದುಕಿದೀನಿ," ಎಂದು ಸಿದ್ದಯ್ಯನವರು ನೆಲಕ್ಕೆ ಕೋಲು ಕುಟ್ಟಿದರು. "ಈ ಮನೆ ಹೊಸ್ತಿಲು ದಾಟಿ ಏನೇ ಹೋಗ್ಬೇಕಾದ್ರೂ ನನ್ನ ಕೇಳ್ಬೇಕು."

ಪುಷ್ಪಾ ಕಾವಲಿಯಿಂದ ರೊಟ್ಟಿ ಎತ್ತಿ ಒಬ್ಬೊಬ್ಬರ ತಟ್ಟೆಗೂ ಹಾಕುತ್ತ ಬಂದಳು. ಮಗಳನ್ನು ಕೇಳಬೇಕಿತ್ತಂತೆ, ಸಂಜಯನನ್ನು ಕೇಳಬೇಕಿತ್ತಂತೆ, ಗಂಡನನ್ನು, ಮಾವನನ್ನು. ಎಲ್ಲರ ಸರದಿಯೂ ಆಯಿತು. ಕೊನೆಗೆ ಸಂಜಯನ ತಟ್ಟೆಗೆ ಚಟ್ನಿ ಬಡಿಸುತ್ತ ಮೆಲ್ಲಗೆ ಕೇಳಿದಳು.

"ಅದನ್ನ ಅಳಿಸೋಕೆ ಆಗ್ತದೇನಪ್ಪ? ಪೂರ್ತಿ?"

"ನನ್ನ ಹತ್ರ ಇರೋದನ್ನ ಅಳಿಸ್ತೀನಿ ಅತ್ತೆ. ಇವಳೂ ಅಳಿಸ್ತಾಳೆ. ಎತ್ಕೊಂಡೋರ ಹತ್ರ ಇರೋದು…" ಎಂದು ಅವನು ಚಟ್ನಿಯನ್ನೇ ನೋಡಿದ.

"ಎಷ್ಟು ಜನ ಎತ್ಕೊಂಡವ್ರೆ?"

"ಅದು ಗೊತ್ತಾಗಲ್ಲ ಅತ್ತೆ."

ಸುಲೋಚನಮ್ಮ ಒಳಗಿನಿಂದ ಕೂಗಿದರು. "ಜಗಳ ಆಮೇಲಾಡ್ಕೊಳ್ಳಿ, ರೊಟ್ಟಿ ತಣ್ಣಗಾಗ್ತವೆ!"

ಆ ವಾರದಲ್ಲೇ ಕೃತಿಕಾ ಹಾಸ್ಟೆಲ್ಲಿನಿಂದ ಮನೆಯ ಫೋನಿಗೆ ಕರೆ ಮಾಡಿದಳು. ಅವಳ ಪುಟದ ಫೋಟೊ ಅಳಿಸಿದ್ದಾಯಿತು, ಆದರೆ ರೂಮ್‌ಮೇಟ್ ಒಬ್ಬಳು ಮೊದಲೇ ತನ್ನ ಪುಟಕ್ಕೆ ಹಾಕಿಕೊಂಡಿದ್ದಳಂತೆ, ಲಿಂಗವಿದ್ದ ಫೋಟೊವನ್ನೇ. ತೆಗಿ ಎಂದರೆ, "ಯಾಕೆ, ಚೆನ್ನಾಗಿದಾರಲ್ಲ ನಿಮ್ಮಮ್ಮ," ಎಂದು ನಕ್ಕಳಂತೆ. ಇನ್ಯಾರೋ ಅದರ ಮೇಲೆ ಶುಭೋದಯ ಎಂದು ಬರೆದು ಊರಿಗೆಲ್ಲ ಇ-ಮೇಲ್ ಕಳಿಸಿದ್ದಾರಂತೆ. "ನಾನು ಇಷ್ಟಾಗುತ್ತೆ ಅಂದ್ಕೊಂಡಿರ್ಲಿಲ್ಲಮ್ಮ," ಎಂದು ಹುಡುಗಿ ಅತ್ತಳು. ಪುಷ್ಪಾಳಿಗೆ ಸಿಟ್ಟೂ ಬಂತು, ಕನಿಕರವೂ ಬಂತು. "ಊಟ ಮಾಡಿದ್ಯಾ?" ಎಂದಷ್ಟೇ ಕೇಳಿ ಫೋನಿಟ್ಟಳು.

ಸಮಿತಿಗೆ ಹೋಗಿ ರಂಪ ಮಾಡಿಬರುತ್ತೇನೆಂದು ಸಿದ್ದಯ್ಯನವರು ಪಂಚೆ ಉಟ್ಟು ಸಿದ್ಧರಾಗಿದ್ದ ದಿನವೇ ಸಮಿತಿಯ ಕಾರ್ಯದರ್ಶಿ ನಂಜುಂಡಯ್ಯ ತಾವಾಗಿಯೇ ಮನೆಗೆ ಬಂದರು. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಒಂದು ಹಾರ. ಹಾರವನ್ನು ಯಾರಿಗೆ ಹಾಕಬೇಕೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಸಿದ್ದಯ್ಯನವರು ಬೈಯಲೆಂದು ಬಾಯಿ ತೆರೆಯುವಷ್ಟರಲ್ಲಿ ಹಾರ ಕೊರಳಲ್ಲಿತ್ತು.

"ತಪ್ಪಾಗೋಯ್ತು ಯಜಮಾನ್ರೇ. ತಮ್ಮಂಥ ಮನೆತನ ಅಂತ ನಮಗೆ ತಿಳೀಲಿಲ್ಲ. ಯಾರೋ ಹುಡುಗರು ಕಂಪ್ಯೂಟರಿಂದ ತಂದುಕೊಟ್ರು. ಇಂಟರ್ನೆಟ್ಟಲ್ಲಿ ಇದ್ಮೇಲೆ ಎಲ್ಲಾರ್ದೂ ಅಂದ್ಕೊಂಡ್ವಿ."

"ಎಲ್ಲಾರ್ದೂ ಅಂದ್ರೆ? ನಮ್ಮ ಮನೆ ಸೊಸೆ ಕಣ್ರೀ!"

"ನಿಜ, ನಿಜ. ಆದ್ರೆ ಒಂದು ಮಾತು. ಆ ತಾಯಿ ಮುಖದಲ್ಲಿ ಎಂಥ ಕಳೆ ಐತೆ ಸ್ವಾಮಿ! ಆ ಫೋಟೊ ನೋಡಿ ಜನ ನಿಂತು ಓದ್ತಾರೆ. ಮುಂದಿನ ವಾರ ಸಮಾರಂಭ. ಬೇರೆ ಹುಡುಕೋಕೆ ಹೊತ್ತಿಲ್ಲ. ಅದಕ್ಕೇ ಒಂದು ಯೋಚನೆ ಮಾಡಿದೀನಿ. ಬರಿಗೈ ಇದ್ರೆ ತಾನೇ ತಮಗೆ ಬೇಸರ? ಅಂಗೈ ಮೇಲೆ ಒಂದು ದೀಪ ಇಡಿಸ್ತೀನಿ. ಬೇಡೋ ಕೈ ಅಲ್ಲ, ಬೆಳಗೋ ಕೈ ಆಗೋಗ್ತದೆ. ಸಮಾರಂಭದಲ್ಲಿ ತಮಗೆ ಶಾಲು ಹೊದಿಸಿ ಸನ್ಮಾನ. ಕೊಡೋ ಮನೆತನ ಅಂತ ಮೈಕಿನಲ್ಲಿ ಹೇಳಿಸ್ತೀನಿ."

ಸಿದ್ದಯ್ಯನವರು ಮಗನ ಮುಖ ನೋಡಿದರು. ಮಹೇಶ್ ಅಪ್ಪನ ಮುಖ ನೋಡಿದ. ಪುಷ್ಪಾ ಕಾಫಿ ಲೋಟಗಳನ್ನು ತಂದು ಎದುರಿಗಿಟ್ಟಳು. ನಂಜುಂಡಯ್ಯ ಎದ್ದು ಅವಳಿಗೆ ಕೈ ಮುಗಿದರು. ಮುಗಿದವರು ತಿರುಗಿ ಕೇಳಿದ್ದು ಮಾತ್ರ ಸಿದ್ದಯ್ಯನವರನ್ನು. "ಏನಂತೀರಿ ಯಜಮಾನ್ರೇ?"

"ದೀಪ ಅಂದ್ರೆ… ದೀಪ ಒಳ್ಳೇದೇ," ಎಂದರು ಸಿದ್ದಯ್ಯನವರು.

ಸಂಜೆ ಕೊಟ್ಟಿಗೆಯಲ್ಲಿ ಪುಷ್ಪಾ ಹಾಲು ಕರೆಯುತ್ತಿದ್ದಳು. ಮಹೇಶ್ ಹುಲ್ಲು ತಂದು ಹಾಕಿ, ಹೋಗದೆ ಅಲ್ಲೇ ನಿಂತ.

"ಒಳ್ಳೇ ಮನುಷ್ಯ ಕಣೆ ನಂಜುಂಡಯ್ಯ."

"ಹೂಂ."

"ದೀಪ ಇಡಿಸಿದ್ರೆ ನಿನ್ಗೇನೂ ಬೇಜಾರಿಲ್ವಲ್ಲ?"

ಪುಷ್ಪಾ ಕರೆಯುವುದನ್ನು ನಿಲ್ಲಿಸಲಿಲ್ಲ. "ಈಗ ಕೇಳ್ತಿದೀರಾ?"

"ಕೇಳ್ತಾ ಇದೀನಲ್ಲ ಮತ್ತೆ."

"ಮಾತು ಕೊಟ್ಟು ಕಳಿಸ್ಬುಟ್ಟು ಕೇಳೋದು ಕೇಳಿದಂಗಾ?"

"ಬೇಡ ಅಂತೀಯಾ ಹಂಗಾದ್ರೆ?"

"ನಾನು ಬೇಡ ಅಂದ್ರೆ ನಿಂತೋಗ್ತದಾ?"

ಮಹೇಶ್ ಕಂಬಕ್ಕೆ ಒರಗಿದ. ಕೆಟ್ಟ ಗಂಡನೇನಲ್ಲ, ಅಪ್ಪನ ಮುಂದೆ ಬಾಯಿ ಬರದ ಗಂಡ. "ಅಪ್ಪ ಒಪ್ಕೊಂಡ್ಬುಟ್ಟವ್ರೆ. ಈಗ ಹೋಗಿ ಬೇಡ ಅಂದ್ರೆ ಅವರ ಮರ್ಯಾದೆ ಏನಾಗ್ತದೆ ಹೇಳು."

"ಎಲ್ಲಾರ ಮರ್ಯಾದೇನೂ ನನ್ನ ಅಂಗೈ ಮೇಲೇ ಐತೆ," ಎಂದಳು ಪುಷ್ಪಾ. "ಅಲ್ಲಿ ಏನಿತ್ತು ಅಂತ ಒಬ್ರೂ ಕೇಳಲ್ಲ."

ಹಸು ಕಾಲು ಝಾಡಿಸಿತು. ಅವಳು ಚೊಂಬು ಎತ್ತಿಕೊಂಡು ಒಳಗೆ ಹೋದಳು.

ಸಮಾರಂಭಕ್ಕೆ ಮನೆಯವರೆಲ್ಲ ಹೋದರು. ತಲೆನೋವೆಂದು ಹೇಳಿ ಪುಷ್ಪಾ ಉಳಿದುಕೊಂಡಳು. ಸಿದ್ದಯ್ಯನವರು ಶಾಲು ಹೊದ್ದುಕೊಂಡೇ ಬಸ್ಸಿನಲ್ಲಿ ಬಂದರು, ಸೆಕೆಯಾದರೂ ತೆಗೆಯಲಿಲ್ಲ. "ನಿನ್ನ ಫ್ಲೆಕ್ಸು ಎಷ್ಟು ದೊಡ್ಡದು ಹಾಕವ್ರೆ ಗೊತ್ತೇನಮ್ಮ? ನಮ್ಮ ಬಾಗಿಲಷ್ಟು ಎತ್ತರ ಐತೆ!" ಎಂದು ಸೊಸೆಗೆ ಹೆಮ್ಮೆಯಿಂದ ಹೇಳಿದರು. ಮನೆಯ ಮಾನ ಉಳಿದಿತ್ತು, ಮೇಲಿಂದ ಒಂದು ಶಾಲೂ ಬಂದಿತ್ತು. ಅವರ ಪಾಲಿಗೆ ಅಲ್ಲಿಗೆ ಎಲ್ಲ ಮುಗಿದಿತ್ತು.

ಪುಷ್ಪಾ ಅದನ್ನು ನೋಡಿದ್ದು ಅತ್ತೆಯ ಮಂಡಿನೋವಿಗೆ ಎಣ್ಣೆ ತರಲು ಆಲೂರಿಗೆ ಹೋದಾಗ. ಬಸ್ ಸ್ಟ್ಯಾಂಡಿನ ಎದುರು ಎರಡು ಬೊಂಬುಗಳ ನಡುವೆ ಅವಳನ್ನು ಕಟ್ಟಿದ್ದರು. ಅಂಗೈಯ ಮೇಲೆ ಹಣತೆ ಉರಿಯುತ್ತಿತ್ತು. ಸಾಲದ್ದಕ್ಕೆ ಕೆನ್ನೆಗೆ ಒಂದಿಷ್ಟು ಕೆಂಪು ಬಳಿದಿದ್ದರು. ಬೋರ್ಡಿನ ಕೆಳಗೆ ಕೂತಿದ್ದ ಕಡಲೆಕಾಯಿ ಮಾರುವವಳು ಪುಷ್ಪಾಳನ್ನು ನೋಡಿ, ಮೇಲಿನ ಫ್ಲೆಕ್ಸನ್ನು ನೋಡಿ, "ಅವ್ವಾ, ಇದು ನೀವೇ ಅಲ್ವಾ?" ಎಂದಳು.

"ಅಲ್ಲಮ್ಮ," ಎಂದಳು ಪುಷ್ಪಾ.

ಎಣ್ಣೆ ಕೊಳ್ಳದೆಯೇ ಬಸ್ಸು ಹತ್ತಿದಳು.

ಮರುದಿನ ಬೆಳಗ್ಗೆ ಮಣೆಯ ಮೇಲೆ ಕೂತು ಲಿಂಗವನ್ನು ಅಂಗೈಗೆ ಇಟ್ಟುಕೊಂಡಳು. ನೋಟ ನಿಲ್ಲಲಿಲ್ಲ. ಲಿಂಗವಿದ್ದಲ್ಲಿ ನುಣ್ಣನೆಯ ಚರ್ಮ ಕಂಡಿತು, ಆಮೇಲೆ ಹಣತೆ ಕಂಡಿತು. ನನ್ನ ಕೆನ್ನೆ ಹೇಗೆ ಕಾಣುತ್ತಿರಬಹುದು ಎನ್ನುವ ಯೋಚನೆ ಬಂತು. ಬಂದದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು. ಬೆನ್ನ ಹಿಂದೆ ಯಾರೋ ನಿಂತ ಹಾಗಾಗಿ ತಿರುಗಿ ನೋಡಿದಳು. ಬೆಕ್ಕು. ಅದರ ಮರುದಿನವೂ ಹಾಗೇ, ಆ ಮೇಲಿನ ದಿನವೂ ಹಾಗೇ. ಪೂಜೆ ಬೇಗ ಬೇಗ ಮುಗಿಯತೊಡಗಿತು, ಮನೆಯವರಿಗೆ ಕಾಫಿ ಬೇಗ ಸಿಗತೊಡಗಿತು.

"ಈಚೀಚೆಗೆ ಪುಷ್ಪಾ ಚುರುಕಾಗವ್ಳೆ," ಎಂದರು ಸುಲೋಚನಮ್ಮ.

ಪುಷ್ಪಾ ಅಂದು ಕೊಟ್ಟಿಗೆಯಲ್ಲಿ ಒಬ್ಬಳೇ ಕೂತು ಅತ್ತಳು. ಒಡವೆ ಹೋಗಿದ್ದರೆ ಹುಡುಕಬಹುದಿತ್ತು. ಹೋದದ್ದು ಏನೆಂದು ಯಾರಿಗೆ ಹೇಳುವುದು?

ಮಾರನೆಯ ದಿನ ಅವಳು ಯಾರನ್ನೂ ಕೇಳದೆ ಒಂದು ಕೆಲಸ ಮಾಡಿದಳು. ನೇಗಿಲು ರಿಪೇರಿಗೆ ಬಂದಿದ್ದ ಬಡಗಿ ಕುಳ್ಳಯ್ಯನನ್ನು ಕರೆದು, ಅಡುಗೆಮನೆಯ ಪಕ್ಕದ ಬತ್ತದ ಕೋಣೆಯನ್ನು ತೋರಿಸಿದಳು.

"ಈ ಬಾಗಿಲಿಗೆ ಒಂದು ಚಿಲಕ ಹಾಕ್ಕೊಡು ಕುಳ್ಳಯ್ಯ."

"ಹೊರಗಡೆ ಐತಲ್ಲವ್ವ ಚಿಲಕ?"

"ಒಳಗಡೆಗೆ."

ಕುಳ್ಳಯ್ಯ ತಲೆ ಕೆರೆದುಕೊಂಡ. "ಒಳಗಡೆಯಿಂದ ಚಿಲಕ ಹಾಕ್ಕೊಳ್ಳೋಕೆ ಬತ್ತಕ್ಕೇನು ಕೈ ಬಂದೈತಾ?"

"ನೀನು ಹಾಕು ಮಾರಾಯ, ಮಾತಾಡ್ಬೇಡ."

ಸುತ್ತಿಗೆಯ ಸದ್ದಿಗೆ ಸಿದ್ದಯ್ಯನವರು ಎದ್ದು ಬಂದರು. ಸುಲೋಚನಮ್ಮ ಬಂದರು. ಇನ್ನು ಮುಂದೆ ಪೂಜೆಗೆ ಇಲ್ಲಿ ಕೂರುತ್ತೇನೆ, ಬಾಗಿಲು ಹಾಕಿಕೊಂಡು, ಎಂದಳು ಪುಷ್ಪಾ.

"ಗಾಳಿ ಇಲ್ಲ, ಬೆಳಕಿಲ್ಲ, ಇಲಿ ಓಡಾಡೋ ಕೋಣೇಲಾ?" ಎಂದರು ಸುಲೋಚನಮ್ಮ. "ಮನೆ ಮಂದಿ ಮುಂದೆ ಬಾಗಿಲು ಹಾಕ್ಕೊಳ್ಳೋದು ಎಲ್ಲಿಯ ಪದ್ಧತಿ ಕಣೆ?"

"ಮನೇಲಿ ಕಳ್ಳರು ಅವ್ರೇನಮ್ಮ ಚಿಲಕ ಹಾಕ್ಕೊಳ್ಳೋಕೆ?" ಎಂದು ಸಿದ್ದಯ್ಯನವರು ಗದರಿದರು.

"ಇಲ್ಲ ಮಾವ," ಎಂದಳು ಪುಷ್ಪಾ. "ಎಲ್ಲಾ ನಮ್ಮೋರೇ ಇರೋದು. ಅದಕ್ಕೇ."

ಸೊಸೆಯ ಬಾಯಿಂದ ಇಂಥ ಮಾತು ಸಿದ್ದಯ್ಯನವರು ಕೇಳಿದ್ದು ಅದೇ ಮೊದಲು. "ಗ್ರಹಚಾರ," ಎಂದು ಗೊಣಗುತ್ತ ಜಗಲಿಗೆ ಹೋದರು. ಅಂದು ರಾತ್ರಿ ಊಟಕ್ಕೆ ಕೂತಾಗ ಸೊಸೆಯ ಹತ್ತಿರ ಮಾತಾಡಲಿಲ್ಲ. ಸಾರು ಬೇಕಾದಾಗ ಹೆಂಡತಿಗೆ ಹೇಳಿದರು. ಮಹೇಶ್ ಮಾತ್ರ ಮರುದಿನ ಡೈರಿಯ ಗೋಡೆಗೆ ಅಂಟಿಸಿದ್ದ ಕರಪತ್ರವನ್ನು ಯಾರಿಗೂ ಹೇಳದೆ ಕೇಳದೆ ಹರಿದುಹಾಕಿ ಬಂದ. ಬಂದು ಹೆಂಡತಿಗೆ ಹೇಳಿದ. "ಒಳ್ಳೇದಾಯ್ತು," ಎಂದಳು ಅವಳು. ಅಷ್ಟರಿಂದ ಏನೂ ವಾಪಸು ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಶಿವರಾತ್ರಿಯ ರಜೆಗೆ ಕೃತಿಕಾ ಬಂದಳು. ಸೊರಗಿದ್ದಳು. ಬಂದವಳೇ ಪಾತ್ರೆ ತೊಳೆದಳು, ಕಸ ಹೊಡೆದಳು, ಹೇಳದೆಯೇ ಹಸುವಿಗೆ ನೀರಿಟ್ಟಳು. ರೂಮ್‌ಮೇಟ್ ಜೊತೆ ಮಾತು ಬಿಟ್ಟದ್ದನ್ನು ಹೇಳಿದಳು. ಸಂಜಯ್ ಸ್ಟುಡಿಯೊದ ಕಂಪ್ಯೂಟರಿನಿಂದ ಎಲ್ಲವನ್ನೂ ತನ್ನ ಮುಂದೆಯೇ ಅಳಿಸಿ ತೋರಿಸಿದನಂತೆ, ಅದನ್ನೂ ಹೇಳಿದಳು. ಪುಷ್ಪಾ ಎಲ್ಲಕ್ಕೂ ಹೂಂಗುಟ್ಟಿದಳು. ಮಗಳ ತಲೆಗೆ ಎಣ್ಣೆ ಹಚ್ಚಿ ಬಾಚಿದಳು. ಬತ್ತದ ಕೋಣೆಯ ಬಗ್ಗೆ ಇಬ್ಬರೂ ಮಾತೆತ್ತಲಿಲ್ಲ.

ಮರುದಿನ ಬೆಳಗ್ಗೆ ಪುಷ್ಪಾ ಕೋಣೆಯೊಳಗೆ ಹೋಗಿ ಚಿಲಕ ಹಾಕಿಕೊಂಡಳು. ಮೂಟೆಗಳ ಸಂದಿಯಲ್ಲಿ ಮಣೆ. ಸಣ್ಣದೊಂದು ಬುಡ್ಡಿ ದೀಪ. ಬತ್ತದ ಧೂಳಿಗೆ ಮೂಗು ಕಟ್ಟುತ್ತಿತ್ತು. ಆದರೂ ಈ ಕೆಲವು ದಿನಗಳಲ್ಲಿ ನೋಟ ಸ್ವಲ್ಪ ಸ್ವಲ್ಪವಾಗಿ ಹಿಂದಿರುಗಿ ಬರುತ್ತಿತ್ತು, ಜ್ವರ ಬಿಟ್ಟವಳಿಗೆ ಹಸಿವು ಬರುವ ಹಾಗೆ. ಒಂದೊಂದು ದಿನ ಬರುತ್ತಿತ್ತು, ಒಂದೊಂದು ದಿನ ಇಲ್ಲ. ಕರಡಿಗೆ ಬಿಚ್ಚಲೆಂದು ಕೊರಳಿಗೆ ಕೈ ಹಾಕಿದಳು.

ಹೊರಗೆ ಹೆಜ್ಜೆಯ ಸದ್ದಾಯಿತು. ಬಾಗಿಲ ಹತ್ತಿರ ಬಂದು ನಿಂತಿತು.

"ಅಮ್ಮಾ."

ಪುಷ್ಪಾಳ ಕೈ ಕರಡಿಗೆಯ ಮೇಲೇ ನಿಂತಿತು.

"ಅಮ್ಮಾ, ನಾನೊಬ್ಳೇ ಇದೀನಿ. ಕ್ಯಾಮೆರಾ ಗೀಮೆರಾ ಏನೂ ತಂದಿಲ್ಲ. ಸುಮ್ನೆ ನಿನ್ನ ಪಕ್ಕ ಕೂತ್ಕೋತೀನಿ. ಒಳಗೆ ಬರ್ಲಾ?"

ಬಾ ಎನ್ನುವ ಮಾತು ಪುಷ್ಪಾಳ ನಾಲಿಗೆಯ ಮೇಲೇ ಇತ್ತು. ಹೆತ್ತ ಮಗಳು. ನಡುಗುವ ದನಿ. ಮಣೆಯಿಂದ ಅರ್ಧ ಎದ್ದೂ ಬಿಟ್ಟಳು. ಇಷ್ಟು ವಾರಗಳಲ್ಲಿ ಒಬ್ಬರು ಎತ್ತಿಕೊಂಡಿದ್ದರು, ಒಬ್ಬರು ಅಳಿಸಿದ್ದರು, ಒಬ್ಬರು ದೀಪ ಇಟ್ಟಿದ್ದರು, ಒಬ್ಬರು ಮಾತು ಕೊಟ್ಟಿದ್ದರು. ಏನಾದರೂ ಆಗುವ ಮೊದಲು ಬಂದು ಅವಳನ್ನು ಕೇಳಿದ್ದು ಇದೇ ಮೊದಲು. ಕೇಳಿದ ಮೇಲೆ ಉತ್ತರ ಅವಳದು.

"ಬೇಡ ಮಗಳೇ," ಎಂದಳು.

ಯಾಕೆ ಎಂದು ಕೇಳುತ್ತಾಳೇನೋ, ಹಟ ಮಾಡುತ್ತಾಳೇನೋ, ಬಾಗಿಲು ತಳ್ಳುತ್ತಾಳೇನೋ ಎಂದು ಪುಷ್ಪಾ ಕಾದಳು.

"ಆಯ್ತಮ್ಮ," ಎಂದಳು ಕೃತಿಕಾ.

ಹೆಜ್ಜೆಯ ಸದ್ದು ಮೆಲ್ಲಗೆ ಪಡಸಾಲೆಯ ಕಡೆಗೆ ಹೋಯಿತು. ಪುಷ್ಪಾಳಿಗೆ ಅಳು ಉಕ್ಕಿ ಬಂತು. ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು, ಬಾಗಿಲು ಮಾತ್ರ ತೆಗೆಯಲಿಲ್ಲ.